ಮಗಳ ತಂಡದಲ್ಲಿ ಅಪ್ಪ

ಶಿವರಾಜ್ ಲಿಫ್ಟಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಹೂಡಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅವನ ಪಕ್ಕ ನಿಂತಿದ್ದವನು ಮಲ್ಲಿಕ್. ಮನೆಯೂ ಮೇಲಿನದು, ಆಫೀಸಿನಲ್ಲೂ ಮೇಲಿನವನು. ಪ್ರಾಜೆಕ್ಟಿನಿಂದ ಒಬ್ಬರನ್ನು ಕೈಬಿಡುತ್ತಾರೆಂದು ವಾರದಿಂದ ಗುಸುಗುಸು. ಯಾರೆಂದು ತೀರ್ಮಾನಿಸುವವನೂ ಇವನೇ. ನಲವತ್ತೈದು ದಾಟಿದ ಶಿವರಾಜನಿಗೆ ಈ ಕೆಲಸ ಹೋದರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ.

“ನಮ್ಮ ಮನು ಮೊಬೈಲ್ ಬಿಡಲ್ಲ ಕಣ್ರೀ. ನಿಮ್ಮ ರಕ್ಷಿತಾನೂ ಗೇಮ್ ಆಡ್ತಾಳಂತೆ?” ಎಂದ ಮಲ್ಲಿಕ್.

“ಅದು ಗೇಮಲ್ಲ ಸಾರ್, ಶಿಕ್ಷಣ! ನಾನು ಕಾಲೇಜಲ್ಲಿ ಆಡ್ತಿದ್ದ ‘ಮಾಂತ್ರಿಕ ಕೋಟೆ’. ನಾಲ್ಕು ಜನರ ತಂಡ ಕಟ್ಕೊಂಡು ಕೋಟೆ ಗೆಲ್ಬೇಕು. ಓದೋದು, ತಾಳ್ಮೆ, ಪ್ಲಾನಿಂಗು, ನಿರ್ಧಾರ ತಗೊಳ್ಳೋದು, ಎಲ್ಲಾ ಬರುತ್ತೆ. ಸಾಯಂಕಾಲ ಬನ್ನಿ, ತೋರಿಸ್ತೀನಿ.”

ಮನೆಗೆ ಬಂದವನೇ ಹೆಂಡತಿ ಹೇಮಲತಾಗೆ ಮಂಡಕ್ಕಿ, ಮಿರ್ಚಿ ಮಾಡಲು ಹೇಳಿದ.

“ಆ ಗೇಮ್‌ನ ಕಸದ ಬುಟ್ಟಿಗೆ ಹಾಕ್ತೀನಿ ಅಂತ ನಿನ್ನೆ ಕೂಗಾಡಿದ್ದು ಯಾರು?” ಎಂದಳು ಆಕೆ. ಶಿವರಾಜ್ ಕಡ್ಲೆಹಿಟ್ಟು ತರಲು ಓಡಿದ.

ಸಂಜೆ ಮಲ್ಲಿಕ್ ಬಂದ. ಮಿರ್ಚಿಯ ವಾಸನೆ ಹಿಡಿದು ಎದುರು ಮನೆಯ ಕೃಷ್ಣಮ್ಮನೂ ಬಂದಳು. ರಕ್ಷಿತಾ ಪರದೆ ತೋರಿಸಿ, ಮನೆಯವರ ಹೆಸರನ್ನೇ ಇಟ್ಟಿದ್ದ ತನ್ನ ತಂಡವನ್ನು ಪರಿಚಯಿಸಿದಳು.

“ಇದು ಅಮ್ಮ, ಕತ್ತಿ ಹಿಡಿಯೋದು. ಇದು ರುದ್ರಮ್ಮಜ್ಜಿ, ಗಾಯ ವಾಸಿ ಮಾಡೋದು. ಇದು ನಾನು. ಇದು ನಾಯಿ.”

“ನಿಮ್ಮಪ್ಪ ಎಲ್ಲಮ್ಮಿ? ಕಾಣಾಕಿಲ್ವಲ್ಲ?” ಕೃಷ್ಣಮ್ಮನಿಗೆ ಸುಮ್ಮನಿರಲಾಗಲಿಲ್ಲ.

“ಅಪ್ಪನ್ನ ಛತ್ರದಲ್ಲಿ ಬಿಟ್ಟೆ, ಬೇಡದೋರನ್ನ ಬಿಡೋ ಜಾಗ. ಎಷ್ಟು ಔಷಧಿ ಕೊಟ್ರೂ ಮೊದಲನೇ ಏಟಿಗೇ ಬೀಳ್ತಾರೆ. ಪಾಪ ಅಂತ ಇಟ್ಕೊಂಡಿದ್ದಕ್ಕೆ ಎಲ್ರೂ ಸತ್ತೋದ್ವಿ. ನಾಯಿ ಎಷ್ಟೋ ವಾಸಿ.”

ಕೃಷ್ಣಮ್ಮನಿಗೆ ನಗು ಬಂದು ಮಿರ್ಚಿ ನೆತ್ತಿಗೇರಿತು. ಮಲ್ಲಿಕ್ ಮಾತ್ರ ನಗಲಿಲ್ಲ.

“ಬೇಜಾರಾಗ್ಲಿಲ್ವಾ ಪುಟ್ಟಿ?”

“ಮೊದಲು ಆಯ್ತು ಅಂಕಲ್. ಆಮೇಲೆ ಆಟ ಸುಲಭ ಆಯ್ತು.”

ಶಿವರಾಜನಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು. ಆದರೂ ಮಾನ ಉಳಿಸಿಕೊಳ್ಳಬೇಕಲ್ಲ!

“ನೋಡಿದ್ರಾ ಸಾರ್? ನಾನು ಹೇಳಿದ್ದು ಇದನ್ನೇ! ತಂಡ ಮುಖ್ಯ. ಪರಿಚಯ, ಸಂಬಂಧ ಅಂತ ಮುಖ ನೋಡ್ಬಾರ್ದು. ಈ ಬುದ್ಧಿ ದೊಡ್ಡೋರಿಗೇ ಬರಲ್ಲ.”

ಮಲ್ಲಿಕ್ ಗಂಭೀರವಾಗಿ ತಲೆಯಾಡಿಸಿ, ಇನ್ನೊಂದು ಮಿರ್ಚಿ ತಿಂದು ಹೊರಟ. ಹೇಮಲತಾ ತಟ್ಟೆ ತೊಳೆದಿಡುವಷ್ಟರಲ್ಲಿ ಅವನ ಫೋನು ಬಂತು.

“ಥ್ಯಾಂಕ್ಸ್ ಶಿವರಾಜ್. ಒಂದೇ ಬಿಲ್ಡಿಂಗು, ದಿನಾ ಮುಖ ನೋಡ್ಬೇಕಲ್ಲ ಅಂತ ವಾರದಿಂದ ಒದ್ದಾಡ್ತಿದ್ದೆ. ಬೇರೆ ಯಾರನ್ನಾದ್ರೂ ತೆಗೆಯೋಣ ಅಂತಾನೂ ಇದ್ದೆ. ನೀವೇ ಧೈರ್ಯ ಕೊಟ್ರಿ. ನಾಳೆಯಿಂದ ನೀವು ಪ್ರಾಜೆಕ್ಟಲ್ಲಿ ಇರಲ್ಲ. ಹಾಂ, ಮನೂಗೂ ಆ ಗೇಮ್ ಹಾಕ್ಕೊಡ್ತೀರಾ?”

ಶಿವರಾಜ್ ಹೋಗಿ ಮಗಳ ಪಕ್ಕ ಕುಳಿತ.

“ಪುಟ್ಟಿ, ಅಪ್ಪನ್ನ ಒಂದ್ಸಲ ಛತ್ರದಿಂದ ಕರ್ಕೊಂಡು ಬಾರೇ.”

ರಕ್ಷಿತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಆಗಲ್ಲಪ್ಪಾ. ಆಮೇಲೆ ನಾಯೀನ ಬಿಡ್ಬೇಕಾಗುತ್ತೆ.”