ವಾಕ್ಯದಾಗ ಸತ್ತವರು

ಇಂಗ್ಲಿಷ್ ಕಲಿಸುವವನ ಬಾಳಿನಲ್ಲಿ ಯಾರೂ ಬಂದು ಜಗಳ ತೆಗೆಯದ ವಾರವೇ ಇರುವುದಿಲ್ಲ. ಸಂಶಿ ಬಾಜೂಕಿನ ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಇಂಗ್ಲಿಷನ್ನು ಒಂದೇ ಏಟಿಗೆ ಪಾಸು ಮಾಡಿದವನು ನಾನೊಬ್ಬನೇ. ಇದನ್ನು ನಾನಾಗಿ ಹೇಳಬಾರದು. ಆದರೆ ಬೇರೆ ಯಾರೂ ಹೇಳುವುದಿಲ್ಲ, ಏನು ಮಾಡುವುದು? ಎಂಬತ್ತರ ದಶಕದ ಆ ದಿನಗಳಲ್ಲಿ ಫೇಲಾದವರನ್ನೆಲ್ಲ ಮಠದ ಕಟ್ಟೆಯ ಮೇಲೆ ಕೂಡಿಸಿಕೊಂಡು ಟ್ಯೂಷನ್ ಹೇಳುತ್ತಿದ್ದೆ. ಪದ್ಧತಿ ನನ್ನದೇ. ದಿನಾ ಒಂದಿಷ್ಟು ಹೊಸ ಶಬ್ದ. ಅವುಗಳ ಅರ್ಥ ಇಂಗ್ಲಿಷಿನಲ್ಲೇ ಬಾಯಿಪಾಠ, ಅದೂ ಓಣಿಗೆ ಕೇಳುವಂತೆ. ಆಮೇಲೆ ಆ ಶಬ್ದ ಹಾಕಿ ತಮ್ಮ ಮನೆಯದೇ ಒಂದು ವಾಕ್ಯ. ಮನೆಯದಾದರೆ ಮರೆಯುವುದಿಲ್ಲ.

ನಾಲ್ಕು ಹುಡುಗರು, ಒಬ್ಬ ಹುಡುಗಿ. ಹುಡುಗಿ ಕಿರಾಣಿ ಅಂಗಡಿಯ ಕಾಕಾನ ಮಗಳು. ಕಾಕಾ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದ: "ಅಕ್ಟೋಬರಿಗೆ ಪಾಸಾದಿ, ಟೀಚರ್ ಟ್ರೇನಿಂಗಿಗೆ ಕಳಸ್ತೀನಿ. ಇಲ್ಲಾ, ಕಲಘಟಗಿ ಕಡೆ ಒಂದು ವರ ಐತಿ." ಆ ವರನಿಗೆ ಗೊಬ್ಬರದ ಅಂಗಡಿ, ಗಟ್ಟಿ ಮನೆ. ಹೆಂಡಿರು ಮಾತ್ರ ಉಳಿದಿರಲಿಲ್ಲ. ಮೊದಲನೆಯವಳು ಬಾವಿಯಲ್ಲಿ ಹೋದಳು, ಎರಡನೆಯವಳು ಸ್ಟೋವಿನಲ್ಲಿ. ಜನ ಅದನ್ನು ಕಾಲ್ಗುಣ ಎನ್ನುತ್ತಿದ್ದರು. ಅವನದಲ್ಲ, ಸತ್ತವರದು.

ದೀಪ ಹಚ್ಚುವ ಹೊತ್ತು

ಒಂದು ದಿನ ಆರ್ಫನ್ ಎಂಬ ಶಬ್ದ ಕೊಟ್ಟೆ. ಅರ್ಥ, ತಂದೆ ತಾಯಿ ಸತ್ತ ಕೂಸು. ಹುಡುಗಿ ಸಂಜೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಉರು ಹೊಡೆದಳು. ಅವಳ ಅಜ್ಜಿ, "ಭಾಳ ಚೊಲೊ ಕೇಳಸ್ತದ, ಏನದು?" ಅಂದಿದ್ದಾಳೆ. ಹುಡುಗಿ ಕನ್ನಡದಲ್ಲಿ ಹೇಳಿದ್ದಾಳೆ. ಮರುದಿನ ಕಾಕಾ ಕಟ್ಟೆಗೆ ಬಂದ.

"ಏನ್ ಮಾಸ್ತರ, ದೀಪ ಹಚ್ಚೂ ಹೊತ್ತಿನ್ಯಾಗ ತಂದಿ ತಾಯಿ ಸತ್ರು ಅಂತ ಬಾಯಿಪಾಠ ಮಾಡಸ್ತೀಯಲ್ಲ?"

"ಮುಂಜಾನಿ ಮಾಡಾಕ ಹೇಳ್ತೀನಿ ಬಿಡ್ರಿ ಕಾಕಾ."

"ಮುಂಜಾನಿ ಬೋಣಿಗಿ ಆಗೂ ಹೊತ್ತು. ಬ್ಯಾಡ." ಸ್ವಲ್ಪ ಯೋಚಿಸಿದ. "ಮಧ್ಯಾಹ್ನ ನಾ ಉಂಡು ಮಲಗಿರ್ತೀನಿ. ಆವಾಗ ಸಾಯಸು."

ಖಾಲಿ ಇದ್ದವರು

ಮುಂದೆ ಹೆಣ, ಅಂತ್ಯಕ್ರಿಯೆ, ಮುಳುಗಿ ಸಾಯುವುದು, ಎಲ್ಲ ಶಬ್ದ ಒಟ್ಟಿಗೇ ಬಂದವು. ಪಠ್ಯಪುಸ್ತಕ ಬರೆದವರ ಮನೆಯಲ್ಲಿ ಏನು ನಡೆದಿತ್ತೋ. ಮನೆಯ ವಾಕ್ಯ ಬರೆಯಿರೆಂದರೆ ಯಾರೂ ಪೆನ್ನು ಎತ್ತಲೊಲ್ಲರು.

"ಯಾಕ್ಲೇ?" ಎಂದು ಗದರಿದೆ.

"ನಮ್ಮ ಮನ್ಯಾಗ ಸಾಯಾಕ ಯಾರೂ ಖಾಲಿ ಇಲ್ರಿ ಸರ್. ಶೇಂಗಾ ಸುಗ್ಗಿ ನಡದೈತಿ," ಅಂದ ಒಬ್ಬ.

ಎದೆ ತಟ್ಟಿಕೊಂಡು ಹೇಳಿದೆ, "ನನ್ನ ಹೆಸರು ಹಾಕ್ರಿ. ನನಗ ಅಂಜಿಕಿ ಇಲ್ಲ." ಹುಡುಗರಿಗೆ ಅಷ್ಟೇ ಬೇಕಾಗಿತ್ತು. ಆ ವಾರದಲ್ಲಿ ಕೆರೆಯಲ್ಲಿ ಮುಳುಗಿದೆ, ಹಾವು ಕಚ್ಚಿಸಿಕೊಂಡೆ, ಹತ್ತಿ ತುಂಬಿದ ಲಾರಿಯ ಕೆಳಗೆ ಸಿಕ್ಕೆ. ಪ್ರತಿ ಸಲವೂ ಕಾಲ ಸರಿಯಾಗಿತ್ತು, ಕರ್ತೃ ಕ್ರಿಯಾಪದ ಹೊಂದಿದ್ದವು. ಹೆಮ್ಮೆಯಿಂದ ಸತ್ತೆ.

ಅವ್ವನಿಗೆ ಯಾರೋ ಸುದ್ದಿ ಮುಟ್ಟಿಸಿದರು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಕಟ್ಟೆಗೇ ಬಂದು ಎಲ್ಲರೆದುರು ನನ್ನ ದೃಷ್ಟಿ ತೆಗೆದಳು.

"ಯವ್ವಾ, ಮಾನ ಕಳೀಬ್ಯಾಡ. ಬರೇ ಇಂಗ್ಲಿಷ್‌ನ್ಯಾಗ ಸತ್ತೀನಿ."

"ಯಮಗ ಇಂಗ್ಲಿಷ್ ಬರಂಗಿಲ್ಲಂತ ಯಾರ್ ಹೇಳ್ಯಾರ ನಿನಗ?"

ಸ್ವಂತದ ವಾಕ್ಯ

ಆ ಹುಡುಗರಲ್ಲಿ ಒಬ್ಬನ ಅಜ್ಜ ನಿಜವಾಗಿಯೇ ಹೋದ. ಮಣ್ಣು ಕೊಟ್ಟು ಮುಗಿಸಿ, ದಿವಸ ಮಾಡಿ, ಹುಡುಗ ತಲೆ ಬೋಳಿಸಿಕೊಂಡು ಬಂದ. "ಇವತ್ತು ನೀ ವಾಕ್ಯ ಬರೀಬ್ಯಾಡಪಾ," ಎಂದೆ.

"ಇಲ್ರಿ ಸರ್, ಬರೀತೀನಿ," ಅಂದ. "ಈಗ ನಮ್ಮ ಮನೀದ ಐತಿ."

ಉಳಿದ ಮೂವರು ಅವನನ್ನು ಹೊಟ್ಟೆಕಿಚ್ಚಿನಿಂದ ನೋಡಿದರು.

ಹೆಣ್ಣು ನೋಡುವ ಶಾಸ್ತ್ರ

ಕಾಕಾನಿಗೆ ಅಕ್ಟೋಬರಿನ ತನಕ ತಾಳಲಾಗಲಿಲ್ಲ. ಪರೀಕ್ಷೆಗೆ ಇನ್ನೂ ದಿನಗಳಿರುವಾಗಲೇ ಆ ಕಲಘಟಗಿ ಕಡೆಯವರನ್ನು ಕರೆಸಿದ. "ಪಾಸಾದ್ರ ಕಳಸ್ತೀನಿ ಅಂದಿದ್ರಲ್ರಿ?" ಎಂದು ನಾನು ಕೇಳಿದ್ದಕ್ಕೆ, "ಸುಮ್ನ ನೋಡಿ ಹೋಗ್ತಾರ ತಗೋ," ಎಂದ. ಹುಡುಗಿಗೆ ಇಂಗ್ಲಿಷ್ ಬರುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ನನ್ನನ್ನೂ ಕೂಡಿಸಿದ. ಇಸ್ತ್ರಿ ಅಂಗಿ ಹಾಕಿಕೊಂಡೇ ಹೋಗಿದ್ದೆ.

ಉಪ್ಪಿಟ್ಟು ಬಂತು, ಚಹಾ ಬಂತು, ಹುಡುಗಿ ಬಂದಳು. ಸಂಬಂಧ ಕೂಡಿಸುವ ಮುದುಕ ಗಂಟಲು ಸರಿಮಾಡಿಕೊಂಡು, "ಏನರ ಇಂಗ್ಲಿಷ್‌ನ್ಯಾಗ ಹೇಳವಾ ತಂಗಿ. ವರಾನೂ ಕೇಳ್ಲಿ," ಎಂದ.

ಅವಳು ಕೈಕಟ್ಟಿ ನಿಂತು, ಕಟ್ಟೆಯ ಮೇಲೆ ಉರು ಹೊಡೆಯುವ ಹಾಗೇ ಹೊಡೆದಳು. "ವಿಡೋವರ್ ಮೀನ್ಸ್ ಎ ಮ್ಯಾನ್ ಹೂಸ್ ವೈಫ್ ಈಸ್ ಡೆಡ್." ಆಮೇಲೆ ಉಸಿರು ತೆಗೆದುಕೊಂಡು, ವಾಕ್ಯವನ್ನೂ ಹೇಳಿದಳು. ಉದ್ದನೆಯ ವಾಕ್ಯ. ವರ ತಲೆಯಾಡಿಸಿದ. ವರನ ತಾಯಿ, "ಭಾಳ ಛಂದ ಹೇಳ್ತಾಳ. ಅರ್ಥ ಏನ್ರಿ ಮಾಸ್ತರ?" ಎಂದಳು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಆದರೆ ಅಂಥ ನೆಟ್ಟಗಿನ ವಾಕ್ಯ ಈ ತಾಲೂಕಿನಲ್ಲಿ ಯಾವ ವಿದ್ಯಾರ್ಥಿಯೂ ಕಟ್ಟಿರಲಿಲ್ಲ. ಅದನ್ನು ಕೆಡಿಸುವ ಬಾಯಿ ನನ್ನದಲ್ಲ.

"ವಿಡೋವರ್ ಅಂದ್ರ ಹೆಂಡ್ತಿ ಸತ್ತಾಂವ," ಎಂದೆ.

"ಮುಂದ?"

"ಇವರ ಮನ್ಯಾಗ ಒಬ್ಬಾಕಿಗೆ ಬಾವಿ ಆತು, ಒಬ್ಬಾಕಿಗೆ ಸ್ಟೋವ್ ಆತು. ನನಗ ಯಾವ್ದು ಅಂತ ಹೇಳಿದ್ರ ವಾಕ್ಯ ಮುಗಸ್ತೀನಿ."

ಉಪ್ಪಿಟ್ಟಿನ ತಾಟು ಅಲ್ಲಲ್ಲೇ ಉಳಿದವು. ಯಾರೂ ಕೂಗಲಿಲ್ಲ, ಎದ್ದು ಹೋದರು, ಅಷ್ಟೆ. ಕಾಕಾ ಗೋಡೆಗೆ ಒರಗಿ ಕೂತುಬಿಟ್ಟ. ಮುದುಕ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ನನಗೆ, "ಇಂಗ್ಲಿಷ್ ಕಲ್ತಿ, ಖರೆ. ಕನ್ನಡದಾಗ ಸುಳ್ಳು ಹೇಳೂದು ಮರ್ತೇನಲೇ?" ಎಂದ.

ಹುಡುಗಿ ಅಕ್ಟೋಬರಿನಲ್ಲಿ ಪಾಸಾದಳು. ಆ ಮಾತು ಊರೂರು ತಿರುಗಿ, ಅವಳನ್ನು ಕೇಳಿಕೊಂಡು ಯಾರೂ ಬರದೇ ಇದ್ದುದರಿಂದ ಕಾಕಾ ಟ್ರೇನಿಂಗಿಗೆ ಕಳಿಸಿದ. ಶ್ರೇಯ ನನ್ನದು, ಎಲ್ಲಿ ಬೇಕಾದರೂ ಹೇಳುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಆ ಮುದುಕ ಸಂಶಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ವರನ ಕತೆ ಏನಾಯಿತೆಂದು ಕೇಳಿದೆ.

"ಲಗ್ನ ಆತಲ್ಲೋ," ಎಂದ, ಖುಷಿಯಿಂದ. "ಈ ಸಲ ನಾ ಶಾಣ್ಯಾ ಆಗೀನಿ. ಹೊಸ್ತಿಲ ದಾಟೂಕಿಂತ ಮೊದಲ ಕೇಳಿದೆ, ಹುಡುಗಿಗೆ ಇಂಗ್ಲಿಷ್ ಬರ್ತದೇನ್ರಿ ಅಂತ. ಇಲ್ರಿ, ಸಾಲೀನ ಕಲ್ತಿಲ್ಲ ಅಂದ್ರು. ನಿಂತಲ್ಲೇ ಸಕ್ಕರಿ ಹಂಚಿಸಿದೆ."