ಹೆಡರ್ ಹಾಕಿಸಿದ ಮೇಲೆ

ಕೆಲವು ಹುಚ್ಚುಗಳು ಹುಡುಗುತನದಲ್ಲಿ ಹಿಡಿದರೆ ಅಪ್ಪ ಬಿಡಿಸುತ್ತಾರೆ. ಐವತ್ತರ ಮೇಲೆ ಹಿಡಿದರೆ ಬಿಡಿಸುವವರೇ ಇರುವುದಿಲ್ಲ. ನನಗೆ ಹಿಡಿದದ್ದು ಎರಡೇ ಸೀಟಿನ, ಸೆಕೆಂಡ್ ಹ್ಯಾಂಡ್, ಕೆಂಪು ಸ್ಪೋರ್ಟ್ಸ್ ಕಾರಿನ ಹುಚ್ಚು. ಸಾದಲಿಯಿಂದ ಚಿಕ್ಕಬಳ್ಳಾಪುರದ ಕಾಲೇಜಿಗೆ ಪಾಠ ಮಾಡಲು ಹೋಗುವ ಮೇಷ್ಟ್ರಿಗೆ ಇದೆಲ್ಲ ಯಾಕೆ ಎಂದು ಊರೇ ಕೇಳಿತು. ಪಕ್ಕದ ಸೀಟಿನಲ್ಲಿ ಹೆಂಡತಿ ಮಂಜುಳಾ ಕೂರಬೇಕು, ಕಾರು ಹೆದ್ದಾರಿಯಲ್ಲಿ ಚಿಮ್ಮಬೇಕು, ಅವಳು "ಅಯ್ಯೋ, ನಿಧಾನ ರೀ" ಎಂದು ನನ್ನ ತೋಳು ಹಿಡಿಯಬೇಕು ಎಂಬ ಆಸೆಯನ್ನು ಊರಿಗೆಲ್ಲ ಹೇಳಿಕೊಳ್ಳಲಾಗುತ್ತದೆಯೇ?

ಆದರೆ ಮಂಜುಳಾ ರೇಷ್ಮೆ ಹುಳು ಸಾಕುತ್ತಾಳೆ. ಹುಳುವಿಗೆ ಹೊಗೆ ಆಗದು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ಮಲಗುತ್ತವೆ; ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಹುಳ ಜ್ವರಕ್ಕೆ ಕೂತವೆ, ಇಲ್ಲಿ ಗಾಡಿ ಸ್ಟಾರ್ಟ್ ಮಾಡ್ಬೇಡಿ" ಎಂದಳೆಂದರೆ ಮುಗಿಯಿತು, ಅಷ್ಟೊಂದು ಕುದುರೆಗಳ ಬಲದ ಕಾರನ್ನು ನಾನೊಬ್ಬನೇ ರಸ್ತೆಯವರೆಗೆ ತಳ್ಳಬೇಕು. ನನಗೆ ಜ್ವರ ಬಂದಾಗ ಮನೆಯಲ್ಲಿ ಯಾರೂ ಇಷ್ಟು ಮುತುವರ್ಜಿ ವಹಿಸಿದ ನೆನಪಿಲ್ಲ.

ಈಚೆಗೆ ಕಾರಿಗೆ ಹೆಡರ್ ಹಾಕಿಸಿದೆ. ಇಂಜಿನ್ನಿನ ಹೊಗೆ ಸಲೀಸಾಗಿ ಹೊರಬಿದ್ದರೆ ಬಲ ಹೆಚ್ಚುತ್ತದೆಂದು ಹಾಕುವ ಕೊಳವೆಗಳು ಅವು. ಎಷ್ಟು ಹೆಚ್ಚಿತೆಂದು ಅಳೆಯಬೇಡವೇ? ನಿಂತ ಕಾರು ಎಷ್ಟು ಬೇಗ ವೇಗ ಹಿಡಿಯುತ್ತದೆಂದು ನೋಡಿ ಫೋನೇ ಲೆಕ್ಕ ಹಾಕಿಕೊಡುತ್ತದೆ. ಹಳೆಯ ಪೈಪಿನ ಲೆಕ್ಕ ತೆಗೆದಾಗ ಮೆಕ್ಯಾನಿಕ್ ನಯಾಜ್ ಪಕ್ಕದಲ್ಲಿ ಕೂತಿದ್ದ. "ಈಗ್ಲೂ ಒಬ್ರು ಕೂರ್ಲೇಬೇಕು ಸರ್, ಗಾಡಿ ತೂಕ ಅಷ್ಟೇ ಇರ್ಬೇಕಲ್ಲ. ನಂಗೆ ಕೆಲ್ಸ ಐತೆ, ಮೇಡಮ್ನೋರ್ನ ಕರ್ಕೊಂಡ್ ಹೋಗಿ" ಎಂದ. ಅವನ ಬಾಯಿಗೆ ಸಕ್ಕರೆ ಹಾಕಬೇಕೆನಿಸಿತು.

ಮಂಜುಳಾಗೆ ಹೆಡರಿನ ಮಹಿಮೆ ವಿವರಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. (ಈ ಗಾದೆ ಅವಳ ಕಿವಿಗೆ ಬೀಳದಿರಲಿ.) "ಗೂಡು ಮಾರಿದ್ಮೇಲೆ ಬರ್ತೀನಿ" ಎಂದಳು. ರೇಷ್ಮೆ ಗೂಡು ಹರಾಜಾದ ದಿನ ಶಿಡ್ಲಘಟ್ಟದ ಮಾರುಕಟ್ಟೆಯ ಹೊರಗೆ, ಹೆಣ್ಣು ನೋಡಲು ಹೋದವನ ಹಾಗೆ ಬೆವರುತ್ತ ಕಾದೆ. ಬಂದಳು, ಕೂತಳು, ಫೋನು ಹಿಡಿದುಕೊಂಡಳು. ಚಿಕ್ಕಬಳ್ಳಾಪುರ ದಾಟಿ ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ "ರೆಡೀನಾ?" ಎಂದು ತಿರುಗಿದರೆ ಗಾಢ ನಿದ್ದೆ. ಬೆರಳುಗಳ ತುಂಬ ಹಿಪ್ಪುನೇರಳೆ ಸೊಪ್ಪಿನ ಕಪ್ಪು ಕಲೆ. ಹಗಲೂ ರಾತ್ರಿ ಹುಳುವಿಗೆ ಸೊಪ್ಪು ಹಾಕಿದವಳು. ಇಷ್ಟು ವರ್ಷ ಬಯಸಿದವಳು ಪಕ್ಕದಲ್ಲೇ ಇದ್ದಳು, ಆದರೂ ಅವಳಿಗಾಗಿ ಜೀವ ಹಂಬಲಿಸಿತು.

ಕಾರನ್ನು ತಿರುಗಿಸಿ ಊರ ಕಡೆಗೆ ಮೆಲ್ಲಗೆ ಬಿಟ್ಟೆ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು "ಏನ್ ಸಾರ್, ಕೆಟ್ಟೋಯ್ತಾ?" ಎಂದು ಕೂಗಿದ. ತುಟಿಯ ಮೇಲೆ ಬೆರಳಿಟ್ಟು ಅವನನ್ನು ಮುಂದೆ ಕಳಿಸಿದೆ.

ಸಾದಲಿ ಹತ್ತಿರ ಬಂದಾಗ ಮಂಜುಳಾ ಕಣ್ಣುಬಿಟ್ಟಳು. "ಪೈಪು ಹಾಕ್ಸಿದ್ದು ಒಳ್ಳೇದಾಯ್ತು ರೀ. ಅಷ್ಟು ಸ್ಪೀಡಲ್ಲಿ ಹೋದ್ರೂ ಒಂಚೂರು ಭಯ ಆಗ್ಲಿಲ್ಲ" ಎಂದು ಹೊಗಳಿ ಇಳಿದುಹೋದಳು.

ಸಂಜೆ ನಯಾಜ್ ಫೋನ್ ಮಾಡಿದ. "ಎಷ್ಟು ಜಾಸ್ತಿ ಆಯ್ತು ಸರ್?"

"ಇನ್ನೊಂದ್ಸಲ ಅಳೀಬೇಕಪ್ಪ, ಮುಂದಿನ ಬೆಳೆ ಮುಗೀಲಿ" ಎಂದೆ. ಅವತ್ತೂ ಅವಳಿಗೆ ನಿದ್ದೆ ಹತ್ತುತ್ತದೆ. ಅವತ್ತೂ ನಾನು ಎಬ್ಬಿಸುವುದಿಲ್ಲ.