ಗಂಟೆ ಮಾರ್ಕಿನ ಬೂಟು ಮೊದಲಿನ ಹಾಗಿಲ್ಲ

ಬೂಟು ಹಾಕುವವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಆದದ್ದೆಲ್ಲ ನಾಲ್ಕು ಜನರ ಎದುರಿಗೇ ಆಯಿತು. ಮೂವತ್ತರ ದಶಕದ ಶಿರಸಿಯಲ್ಲಿ ಸೀರೆಯ ಕೆಳಗೆ ಬೂಟು ತೊಟ್ಟ ಹೆಂಗಸು ನಾನೊಬ್ಬಳೇ. ಏನೂ ಆಗದ ದಿನವೂ ಜನ ನಿಂತು ನೋಡುತ್ತಿದ್ದರು.

ನಾನು ಆಗ ಅಲ್ಲಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಮೇಟ್ರನ್. ಸಿದ್ದಾಪುರ, ಯಲ್ಲಾಪುರದ ಕಡೆಯ ಹಳ್ಳಿಗಳಿಗೂ ಹೋಗಬೇಕಾಗುತ್ತಿತ್ತು. ಸರ್ವಿಸ್ ಮೋಟಾರು ಇಳಿದ ಮೇಲೆ ಕಾಡಿನ ಕಾಲುದಾರಿ. ಮಳೆಗಾಲದಲ್ಲಿ ಒಂದು ಮೈಲಿ ನಡೆಯುವುದರೊಳಗೆ ಎರಡೂ ಕಾಲಿಗೆ ಉಂಬಳ, ಕಾಡಿನ ಜಿಗಣೆ, ಹತ್ತಿ ರಕ್ತ ಇಳಿಯುತ್ತಿತ್ತು. ಆದ್ದರಿಂದ ಬೂಟು. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದ ಕಾರಣ ಇದು.

ಇನ್ನೊಂದು ಕಾರಣವನ್ನು ಯಾರಿಗೂ ಹೇಳಿರಲಿಲ್ಲ.

ನನ್ನ ಅಪ್ಪ ಯಲ್ಲಾಪುರದ ಕಡೆ ಜಂಗಲ್ ಖಾತೆಯಲ್ಲಿ ರೇಂಜರ್ ಆಗಿದ್ದರು. ನಾನು ಕಾನ್ವೆಂಟಿಗೆ ಸೇರಿದ ವರ್ಷ ಅವರು ಒಂದು ಜೊತೆ ಇಂಗ್ಲಿಷ್ ಬೂಟು ಕೊಂಡರು. ಪಕ್ಕದಲ್ಲಿ ಸಣ್ಣ ಗಂಟೆಯ ಮುದ್ರೆ ಒತ್ತಿದ್ದ, ಗಂಟೆ ಮಾರ್ಕಿನ ಬೂಟು. ರಜೆಗೆ ಮನೆಗೆ ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ಆ ಗಂಟೆಯನ್ನು. ನಮ್ಮ ತಂದೆ ಇಂಗ್ಲಿಷ್ ಬೂಟು ಹಾಕುತ್ತಾರೆಂದು ಗೆಳತಿಯರ ಮುಂದೆ ಹೇಳಬೇಕಲ್ಲ. ಅಪ್ಪ ತೀರಿಕೊಳ್ಳುವವರೆಗೂ ಅದೇ ಜೊತೆ ನಡೆಯಿತು. ಸಂಜೆ ಮೆಟ್ಟಿಲ ಮೇಲೆ ಢಕ್, ಢಕ್ ಎಂದು ಎರಡು ಹೆಜ್ಜೆ. ಎಡಗಾಲಿನದು ಕೊನೆಯಲ್ಲಿ ಸಣ್ಣಗೆ ಕಿರ್ ಎನ್ನುತ್ತಿತ್ತು. ಆ ಕಿರ್ ಕೇಳಿದ ಕೂಡಲೇ ಅಡಿಗೆಮನೆಯಿಂದ ಅಮ್ಮನ ಕೂಗು:

"ಬೂಟು ಹೊರಗೇ! ಎಷ್ಟು ಸಲ ಹೇಳೂದು?"

"ಆಯ್ತು ಮಾರಾಯ್ತಿ," ಎನ್ನುತ್ತಿದ್ದರು ಅಪ್ಪ. ಮರುದಿನ ಮತ್ತೆ ಬೂಟು ಹಾಕಿಕೊಂಡೇ ಸಗಣಿ ಸಾರಿಸಿದ ನೆಲದ ಮೇಲೆ ಎರಡು ಹೆಜ್ಜೆ ಇಡುತ್ತಿದ್ದರು.

ಅಪ್ಪ ಹೋದ ಮೇಲೆ ಅಮ್ಮ ಶಿರಸಿಗೆ ಬಂದು ನನ್ನ ಜೊತೆ ಇದ್ದಳು. ಅಪ್ಪನ ಬೂಟು ಬಾಗಿಲ ಹೊರಗಿನ ಮೂಲೆಯಲ್ಲಿ ಕೂತಿತು. ಅಮ್ಮ ಮತ್ತೆ ದನಿ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಸದ್ದು ಮಾಡಿದವರನ್ನು ನಾನು ಕಣ್ಣಿನಲ್ಲೇ ಕೂರಿಸುತ್ತಿದ್ದವಳು. ಮನೆಯ ಆ ಮೌನ ಮಾತ್ರ ನನಗೆ ತಡೆಯಲಾಗಲಿಲ್ಲ. ಅಪ್ಪನ ಬೂಟು ನನಗೆ ನಾಲ್ಕು ಬೆರಳು ದೊಡ್ಡದು. ಅದೇ ಮಾರ್ಕಿನ, ನನ್ನ ಅಳತೆಯ ಜೊತೆಯೊಂದನ್ನು ತಂದು ಮೆಟ್ಟಿಲು ಹತ್ತಿದರೆ ಆ ಸದ್ದು ಬಂದೀತು, ಅಮ್ಮ ಒಮ್ಮೆಯಾದರೂ ಕೂಗಿಯಾಳು ಎಂದು ನನ್ನ ಆಸೆ.

ಪೇಟೆಯ ಬೂಟಿನ ಅಂಗಡಿಯಿಂದ ಮುಂಬಯಿಗೆ ಬರೆದು ತರಿಸಿದೆ. ಮೊದಲ ದಿನ ಮೆಟ್ಟಿಲ ಮೇಲೆ ಬೇಕೆಂದೇ ಜೋರಾಗಿ ಹೆಜ್ಜೆ ಇಟ್ಟೆ. ಒದ್ದೆ ಬಟ್ಟೆ ಒಗೆದ ಹಾಗೆ ಪಚಕ್ ಎಂದಿತು. ಅಮ್ಮ ಒಳಗಿನಿಂದ ಮೆಲ್ಲಗೆ, "ಯಾರು, ಅಗಸರವನಾ? ನಾಳೆ ಬಾ," ಎಂದಳು.

ಸಿದ್ದಾಪುರದ ಪಾಠ

ಆ ವರ್ಷದ ಮೊದಲ ಮಳೆಯಲ್ಲೇ ಸಿದ್ದಾಪುರದ ಸೂಲಗಿತ್ತಿಯರನ್ನು ಸೇರಿಸಿ ಶುಚಿತ್ವದ ಪಾಠ ಹೇಳುವ ಕೆಲಸ ನನಗೆ ಬಂತು. ಹತ್ತು ಹನ್ನೆರಡು ಮಂದಿ, ನಾನು ಹುಟ್ಟುವ ಮೊದಲೇ ನೂರಾರು ಮಕ್ಕಳನ್ನು ಹಿಡಿದವರು, ಎಲೆಯಡಿಕೆ ಜಗಿಯುತ್ತ ಚಾಪೆಯ ಮೇಲೆ ಕೂತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ ದಿನಾ ಬೆಳಿಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾದರಕ್ಷೆ ಪರೀಕ್ಷಿಸಿದ ಮೇಲೆಯೇ ಮುಖ ನೋಡುತ್ತಿದ್ದರು. ನಾನು ಅದನ್ನೇ ವಿವರಿಸಿದೆ. "ಶಿಸ್ತು ಪಾದದಿಂದ ಶುರುವಾಗಬೇಕು," ಎಂದು ಬಲಗಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದೆ.

ಬೂಟಿನ ಅಟ್ಟೆ ಮುಂದಿನಿಂದ ಬಿಚ್ಚಿಕೊಂಡಿತು.

ನಾನು ನೋಡದವಳಂತೆ ಪಾಠ ಮುಂದುವರಿಸಿದೆ. ಎಲ್ಲರಿಗಿಂತ ಹಿರಿಯ ಸೂಲಗಿತ್ತಿ ಮುಂದಕ್ಕೆ ಬಾಗಿ ನನ್ನ ಕಾಲನ್ನು ನೋಡಿದಳು. ಎಲೆಯಡಿಕೆಯನ್ನು ದವಡೆಗೆ ಸರಿಸಿದಳು.

"ಬಾಯೀರೇ, ಪಾಠ ಆಮೇಲೆ ಆಗ್ಲಿ. ನಿಮ್ಮ ಬೂಟಿಗೆ ನೋವು ಎದ್ದದೆ."

"ಹುಷ್! ಮಾತಾಡಬಾರದು," ಎಂದೆ.

ಹಿಂದಿನ ಸಾಲಿನವಳೊಬ್ಬಳು ಬಗ್ಗಿ, ಕಾಲುಚೀಲದಿಂದ ಇಣುಕುತ್ತಿದ್ದ ನನ್ನ ಹೆಬ್ಬೆರಳನ್ನು ಕಂಡು, ಗಾಬರಿಯಿಂದ ಕೂಗಿದಳು: "ಮಾತಾಡದೇ ಎಂತ ಮಾಡೂದು? ತಲೆ ಆಗ್ಲೇ ಕಾಣ್ತದೆ!"

ನಾಲ್ಕು ಪುಟದ ಪತ್ರ

ಬೂಟನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಸಭ್ಯರು; ಕುರ್ಚಿ ಒರೆಸಿ ಕೊಟ್ಟರು. ಬೂಟನ್ನು ಬೆಳಕಿಗೆ ಹಿಡಿದು ನಾಲ್ಕು ಸಲ ತಿರುಗಿಸಿದರು.

"ಬಾಯಿಸಾಬ್, ಕಂಪನಿ ಅದೇ, ಪೆಟ್ಟಿಗೆ ಅದೇ, ಗಂಟೆನೂ ಅದೇ."

"ಚರ್ಮ?"

"ಅದನ್ನ ಆ ದನಕ್ಕೇ ಕೇಳ್ಬೇಕು."

ನಮ್ಮ ಡಾಕ್ಟರರ ಅಭಿಪ್ರಾಯ ಬೇರೆ. "ಜರ್ಮನ್ ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಯಾವುದೂ ಮೊದಲಿನ ಹಾಗಿಲ್ಲ," ಎಂದರು. ಡಾಕ್ಟರರಿಗೆ ಆ ಯುದ್ಧ ಬಹಳ ಅನುಕೂಲವಾಗಿತ್ತು. ತಮ್ಮ ಕೈಯಿಂದ ಥರ್ಮಾಮೀಟರು ಬಿದ್ದು ಒಡೆದಾಗಲೂ ಹಾಗೆಯೇ ಹೇಳಿದ್ದರು.

ನಾನು ಕಂಪನಿಗೇ ಪತ್ರ ಬರೆದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, ಒಂದು ಚಿತ್ತೂ ಇಲ್ಲದೆ, ನಾಲ್ಕು ಪುಟ. ಮೊದಲೆರಡು ಪುಟಗಳಲ್ಲಿ ನನ್ನ ತಂದೆಯ ಬೂಟಿನ ಹೊಲಿಗೆ, ಹಿಮ್ಮಡಿ, ಮಳೆಯಲ್ಲಿ ಅದರ ಧೈರ್ಯ ಇವನ್ನೆಲ್ಲ ಹೊಗಳಿದೆ. ಉಳಿದೆರಡರಲ್ಲಿ ಈಗಿನವರಿಗೆ ನಾಚಿಕೆಯಾಗಬೇಕು ಎಂದೆ. ಮೂರು ತಿಂಗಳ ಮೇಲೆ ಉತ್ತರ ಬಂತು. "ಮಾನ್ಯ ಮಹಾಶಯರೇ" ಎಂದು ಶುರುವಾಗಿತ್ತು. ಹಳೆಯ ಬೂಟಿನ ಬಗ್ಗೆ ನಾನು ಆಡಿದ ಒಳ್ಳೆಯ ಮಾತುಗಳಿಗೆ ಕಂಪನಿ ಕೃತಜ್ಞತೆ ಸಲ್ಲಿಸಿತ್ತು. ಹೊಸ ಬೂಟು ಹೊಂದದಿರುವುದಕ್ಕೆ ನನ್ನಂಥ ಗೃಹಸ್ಥರು ವಯಸ್ಸಿನೊಂದಿಗೆ ಸ್ಥೂಲರಾಗುವುದೇ ಕಾರಣವಿರಬಹುದು ಎಂದಿತ್ತು. ಜೊತೆಗೆ, ನನ್ನ ಪತ್ನಿಗೆ ಮೆಚ್ಚುಗೆಯಾದೀತೆಂದು ಹೆಂಗಸರ ಚಪ್ಪಲಿಗಳ ಒಂದು ಚಿತ್ರಪಟ್ಟಿ.

ನಮ್ಮ ಕಾಂಪೌಂಡರ್ ಖಾದಿ ತೊಡುವವನು. ವಿಲಾಯತಿ ಬೂಟು ಸುಡಬೇಕೆಂದು ನನಗೆ ವರ್ಷದಿಂದ ಉಪದೇಶ ಮಾಡುತ್ತಿದ್ದ. ಅಟ್ಟೆ ಕಿತ್ತು ನಾಲಿಗೆ ಚಾಚಿದ ನನ್ನ ಬೂಟನ್ನು ನೋಡಿ ಕೈ ಮುಗಿದ.

"ಬಾಯಿಯವರೇ, ನೀವು ಒಪ್ಪದಿದ್ದರೇನಾಯಿತು? ಅದೇ ಸ್ವಂತ ಬುದ್ಧಿಯಿಂದ ಅಸಹಕಾರ ಹೂಡಿದೆ."

ಹುಲಗೋಳದ ಉಪಕಾರ

ಅಟ್ಟೆಗೆ ಮೊಳೆ ಹೊಡೆಸಿಕೊಂಡು ಹೇಗೋ ನಡೆಸಿದೆ. ಚಳಿಗಾಲದಲ್ಲಿ, ಅಡಿಕೆ ಕೊಯ್ಲಿನ ಹೊತ್ತಿಗೆ, ಹುಲಗೋಳದ ಒಂದು ತೋಟದ ಮನೆಯಿಂದ ಹೆರಿಗೆಗೆ ಕರೆ ಬಂತು. ಚರ್ಮದ ವಸ್ತು ಜಗಲಿ ಹತ್ತುವಂತಿಲ್ಲ. ಆ ಮನೆಗಳ ಕ್ರಮ ನನಗೆ ಗೊತ್ತು. ಬೂಟನ್ನು ಅಂಗಳದ ಆಚೆಯ ಬೇಲಿಯ ಹತ್ತಿರ ಬಿಚ್ಚಿಟ್ಟು ಒಳಗೆ ಹೋದೆ. ಮನೆಯ ಯಜಮಾನರು, ಹೆರಿಗೆಯಾಗಬೇಕಾದವಳ ಮಾವ, ಹೆದರಿಕೆಯಿಂದ ಕೂತಲ್ಲಿ ಕೂರಲಾರದೆ ಅಂಗಳದಲ್ಲಿ ಸುತ್ತುತ್ತಿದ್ದರು. ಕೈಗೊಂದು ಕೆಲಸ ಬೇಕಾಗಿತ್ತು. ಬೇಲಿಯ ಬಳಿ ಮೊಳೆ ಹೊಡೆದ ನನ್ನ ಬೂಟು ಕಂಡಿತು.

ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರಿಗೆ ಚೊಗರು ಎನ್ನುತ್ತಾರೆ. ಬಹಳ ಒಗರು. ಎತ್ತಿನ ಕೊರಳಿನ ಚರ್ಮದ ಪಟ್ಟಿಯನ್ನು ಅದರಲ್ಲಿ ನೆನೆಸಿದರೆ ಗಟ್ಟಿಯಾಗುತ್ತದೆಂದು ಅವರು ಕಂಡಿದ್ದರು. ಯಜಮಾನರು ತಾವು ಮುಟ್ಟದೆ, ಕೆಲಸದವನಿಂದ ಒಂದು ಹಳೆಯ ಮಡಕೆಯಲ್ಲಿ ಚೊಗರು ತುಂಬಿಸಿ, ನನ್ನ ಎರಡೂ ಬೂಟನ್ನು ಮುಳುಗಿಸಿ, ಸಾಲದೆಂದು ಕೆಳಗೆ ಬೆಂಕಿಯನ್ನೂ ಇಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಸುದ್ದಿ ಹೇಳಲು ಹೊರಗೆ ಬಂದೆ. ಯಜಮಾನರು ಮಡಕೆಯ ಪಕ್ಕದಿಂದ ಎದ್ದು, ಮಗು ಗಂಡೋ ಹೆಣ್ಣೋ ಕೇಳದೆ, ಕೋಲಿನ ತುದಿಗೆ ಬೂಟನ್ನು ಸಿಕ್ಕಿಸಿ ಎತ್ತಿ ಹಿಡಿದರು.

"ಬಣ್ಣ ಬಂಜು ನೋಡಿ!"

ಕಪ್ಪು ಬೂಟು ಕೆಂಪಗೆ, ಒಂದು ಗೇಣಿಗೆ ಇಳಿದಿತ್ತು. ಕೋಲಿನಿಂದ ಜಾರಿ ನೆಲಕ್ಕೆ ಬಿದ್ದಾಗ ಮರದ ತುಂಡಿನಂತೆ ಸದ್ದಾಯಿತು.

"ಏನು ಮಾಡಿದಿರಿ ನೀವು?"

"ಎಂತ ಹೆದರಿಕೆ ಇಲ್ಲೆ! ಇನ್ನು ಹತ್ತು ವರ್ಷಕ್ಕೆ ನೋಡೂದೇ ಬ್ಯಾಡ."

"ಕಾಲು ಒಳಗೆ ಹೋಗುವುದಿಲ್ಲವಲ್ಲ!"

ಯಜಮಾನರು ಕೋಲಿನಿಂದ ಬೂಟನ್ನು ಹೊರಳಿಸಿ ನೋಡಿದರು. ಆಗ ಒಳಗಿನಿಂದ ಮಗು ಅತ್ತಿತು. ಅವರ ಮುಖ ಅರಳಿತು. "ಇಡಿ, ಇಡಿ. ಮೊಮ್ಮಗಂಗೆ ಆಗ್ತು."

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆದರೆ ಮಡಕೆಯ ಆ ಒಗರು ವಾಸನೆ ಮೂಗಿಗೆ ಬಡಿದಾಗ ನಿಂತುಬಿಟ್ಟೆ. ಅಪ್ಪನ ಬೂಟಿಗೆ ಇದೇ ವಾಸನೆ ಇತ್ತು. ಇಷ್ಟು ವರ್ಷ ಅದನ್ನು ನಾನು ಇಂಗ್ಲೆಂಡಿನ ವಾಸನೆ ಎಂದುಕೊಂಡಿದ್ದೆ.

ಕಿರವತ್ತಿಯ ಅಜ್ಜ

"ಅಪ್ಪನ ಬೂಟಿಗೆ ಚೊಗರಿನ ವಾಸನೆ ಯಾಕಮ್ಮ?" ಎಂದು ಮನೆಗೆ ಬಂದು ಕೇಳಿದೆ.

ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಮಳೆಗಾಲಕ್ಕೆ ಮುಂಚೆ ಕಿರವತ್ತಿಯ ಚಪ್ಪಲಿ ಹೊಲಿಯೋ ಅಜ್ಜನ ಹತ್ತಿರ ಒಯ್ತಿದ್ರು. ನಿನಗೆ ಹೇಳಬೇಡ ಅಂದಿದ್ರು."

ಮುಂದಿನ ಭಾನುವಾರವೇ ಅಪ್ಪನ ಬೂಟನ್ನೂ ನನ್ನ ಹಾಳಾದ ಜೊತೆಯನ್ನೂ ಚೀಲದಲ್ಲಿ ಹಾಕಿಕೊಂಡು ಯಲ್ಲಾಪುರ ದಾಟಿ ಕಿರವತ್ತಿಗೆ ಹೋದೆ. ರಸ್ತೆಯ ಬದಿಯ ಚಪ್ಪರದಲ್ಲಿ ಅಜ್ಜ ಗಾಡಿಕಾರರ ಚಪ್ಪಲಿ ಹೊಲಿಯುತ್ತಿದ್ದ. ನನ್ನನ್ನು ನೋಡಲಿಲ್ಲ, ಚೀಲದಿಂದ ಹೊರಬಂದ ಬೂಟನ್ನು ನೋಡಿದ.

"ಬರ್ರಿ, ಕುಂದರ್ರಿ. ರೇಂಜರ್ ಸಾಹೇಬ್ರದ ಅಲ್ಲೇನ್ರೀ ಇದು!" ಎಂದು ಮಡಿಲಲ್ಲಿ ಇಟ್ಟುಕೊಂಡ. "ಈ ಅಟ್ಟಿ ನಂದು, ನಾಕನೇದು. ಹಿಮ್ಮಡಕ್ಕ ಎಮ್ಮಿ ಕೊಂಬು ಕೂಡಿಸೇನಿ, ಅದಕ್ಕ ಢಕ್ ಅನ್ನೂದು. ಮ್ಯಾಲಿನ ಚರ್ಮ ಎರಡು ಸಲ ಬದಲಿ ಮಾಡೇನ್ರಿ. ಚೊಗರಿನ್ಯಾಗ ನೆನಸಿ, ನೆರಳಾಗ ಒಣಗಿಸಿ. ಕುದಿಸಿದ್ರ ಮುಗೀತು, ಕಟ್ಟಿಗಿ ಆಕ್ಕೈತಿ."

"ಅದು ನನಗೆ ಗೊತ್ತಾಗಿದೆ," ಎಂದೆ. "ಹಾಗಾದರೆ ಇದರಲ್ಲಿ ಕಂಪನಿಯದು ಯಾವುದು?"

ಅಜ್ಜ ಬೂಟನ್ನು ತಿರುಗಿಸಿದ, ಒಳಗೆ ಕೈ ಹಾಕಿದ, ಬೆಳಕಿಗೆ ಹಿಡಿದ. ಪ್ರಾಮಾಣಿಕವಾಗಿ ಬಹಳ ಹೊತ್ತು ಹುಡುಕಿದ.

"ಈ ಗಂಟಿ ಐತ್ರಿ."

ಆಗ ಕಾಣಿಸಿತು. ಗಂಟೆಯ ಮುದ್ರೆ ಇದ್ದ ಚರ್ಮದ ತುಣುಕಿನ ಸುತ್ತ ಕೂದಲಷ್ಟು ಸಣ್ಣ ಹೊಲಿಗೆ.

"ಚರ್ಮ ಬದಲಿಸಿದಾಗೊಮ್ಮೆ ಇದನ್ನ ಕತ್ತರಿಸಿ ಹೊಸದಕ್ಕ ಹೊಲೀಬೇಕಿತ್ರಿ. ಯಾಕ್ರೀ ಸಾಹೇಬ್ರ ಈ ತ್ರಾಸು ಅಂದ್ರ, ನನ್ನ ಮಗಳು ಸೂಟಿಗೆ ಬಂದ್ರ ಮೊದಲ ಅದನ್ನ ನೋಡ್ತಾಳ ಅಂತಿದ್ರು."

ನಾನು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದೆ. ಧೂಳು ಬಹಳವಿತ್ತು. ಆಮೇಲೆ ಕೇಳಿದೆ: "ಕಂಪನಿಯ ಮೂಲ ಬೂಟು ಎಷ್ಟು ವರ್ಷ ಬಂತು?"

"ವರ್ಷ ಎಲ್ಲೀದ್ರಿ? ಮೊದಲನೇ ಮಳಿಗೇ ಬಾಯಿ ತಗೀತು."

ಗಂಟೆ ಮಾರ್ಕು ಕೆಟ್ಟಿರಲಿಲ್ಲ. ಮೊದಲಿನಿಂದಲೂ ಹಾಗೆಯೇ ಇತ್ತು. ಪತ್ರದ ಮೊದಲೆರಡು ಪುಟಗಳನ್ನು ನಾನು ತಪ್ಪು ವಿಳಾಸಕ್ಕೆ ಕಳಿಸಿದ್ದೆ. ಕಾಂಪೌಂಡರನಿಗೆ ಈ ವಿಷಯ ಇಂದಿಗೂ ಹೇಳಿಲ್ಲ.

ಅಜ್ಜ ನನ್ನ ಕಾಲಿನ ಅಳತೆ ತೆಗೆದುಕೊಂಡ. ಕೊಂಬಿನ ಹಿಮ್ಮಡಿ ಇರಲಿ ಎಂದೆ. ನೆರಳಿನಲ್ಲೇ ಒಣಗಲಿ ಎಂದೆ. "ಎಡಗಾಲಿನದು ಕಿರ್ ಅನ್ನುತ್ತಿತ್ತಲ್ಲ?"

ಅಜ್ಜ ನಾಚಿದ. "ಅದು ನನ್ನ ಕೈತಪ್ಪು ಬಾಯಾರ. ನಾಕು ಸಲ ಬಿಚ್ಚಿ ಹೊಲಿದ್ರೂ ಹೋಗಲಿಲ್ಲ. ನಿಮ್ಮದರಾಗ ಬರೂದಿಲ್ಲ, ಚಿಂತಿ ಮಾಡಬ್ಯಾಡ್ರಿ."

"ಬರಬೇಕು," ಎಂದೆ. "ಅದೇ ತಪ್ಪು, ಅದೇ ಕಾಲಿನಲ್ಲಿ. ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ."

ಅಜ್ಜ ಪಕ್ಕದ ಗಾಡಿಕಾರನ ಕಡೆ ತಿರುಗಿ ಮೆಲ್ಲಗೆ ಹೇಳಿದ, ನನಗೆ ಕೇಳುವಷ್ಟು ಮೆಲ್ಲಗೆ: "ಸಾಲಿ ಭಾಳ ಕಲಿತಾರ, ಪಾಪ."

ಮೆಟ್ಟಿಲು

ಮಳೆಗೆ ಮೊದಲೇ ಬೂಟು ಬಂತು. ಗಂಟೆ ಇರಲಿಲ್ಲ, ಹಚ್ಚಲೇ ಎಂದು ಅಜ್ಜ ಕೇಳಿದಾಗ ಬೇಡವೆಂದಿದ್ದೆ. ಸಂಜೆ ಆಸ್ಪತ್ರೆಯಿಂದ ಹೊರಟು, ನಮ್ಮ ಮನೆಯ ಮುಂದೆ ಬಂದಾಗ ಬೆನ್ನು ನೆಟ್ಟಗೆ ಮಾಡಿಕೊಂಡೆ. ಮೆಟ್ಟಿಲು ಹತ್ತಿದೆ.

ಢಕ್. ಢಕ್. ಕಿರ್.

ಒಳಗೆ ಸಾರು ಕದಡುತ್ತಿದ್ದ ಸೌಟಿನ ಸದ್ದು ನಿಂತಿತು. ನಾನು ಸಾರಿಸಿದ ನೆಲದ ಮೇಲೆ ಇನ್ನೆರಡು ಹೆಜ್ಜೆ ಇಟ್ಟೆ.

"ಬೂಟು ಹೊರಗೇ! ಎಷ್ಟು ಸಲ ಹೇಳೂದು?"

ಮನೆಯ ಹಂಚು ಅದುರುವಂಥ ಕೂಗು. ಎದುರು ಮನೆಯವರು ಕಿಟಕಿ ತೆರೆದರು. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನನ್ನ ಕಾಲನ್ನು ನೋಡಿದಳು. ಆಮೇಲೆ ಮುಖ ನೋಡಿದಳು, ಮತ್ತೆ ಕಾಲನ್ನು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾವಿಬ್ಬರೂ ಒರೆಸಲಿಲ್ಲ.

"ನೀನಾ?"

"ಹೌದಮ್ಮ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಸೌಟನ್ನು ನನ್ನ ಕಡೆ ಚಾಚಿದಳು.

"ಯಾರಾದ್ರೂ ಅಷ್ಟೇ. ಬೂಟು ಹೊರಗೇ."

"ಆಯ್ತು ಮಾರಾಯ್ತಿ," ಎಂದೆ. ಕಾನ್ವೆಂಟಿನಲ್ಲಿ ಕಲಿತವಳು ತಾಯಿಗೆ ಹಾಗೆ ಅನ್ನಬಾರದು. ಅಂದೆ.

ಬೂಟನ್ನು ಹೊರಗೆ, ಅಪ್ಪನದರ ಪಕ್ಕದಲ್ಲಿ ಇಟ್ಟೆ. ನನ್ನ ಆಸ್ಪತ್ರೆಯಲ್ಲಿ ಒಂದೇ ತಪ್ಪನ್ನು ಎರಡನೆಯ ಸಲ ಮಾಡಿದವರಿಗೆ ಕ್ಷಮೆ ಇರಲಿಲ್ಲ. ಮನೆಯಲ್ಲಿ, ಅಮ್ಮ ಇರುವಷ್ಟು ವರ್ಷವೂ, ನಾನು ಅದನ್ನು ದಿನಾ ಸಂಜೆ ಮಾಡಿದೆ.